ಒಣ ಗಾಜು ಒರೆಸಿದ ಕಾರು

"ಬ್ರೇಕ್ ಒತ್ತಾಕ ಕಾಲ್ ಇರಲಿಲ್ಲೇನಲೇ ನಿನಗ?"

ತಾಯಣ್ಣನ ಕೂಗಿಗೆ ರಾಯಚೂರಿನ ಅವನ ಗ್ಯಾರೇಜಿನ ತಗಡು ಅದುರಿತು. ಎದುರಿಗೆ ತಲೆ ತಗ್ಗಿಸಿ ನಿಂತಿದ್ದವನು ದೇವದುರ್ಗದ ಯಲ್ಲಾಲಿಂಗ, ಮಾನ್ವಿಯ ಶಂಶುದ್ದೀನ್ ಸಾಹುಕಾರರ ಡ್ರೈವರ್. ಇಬ್ಬರ ನಡುವೆ ಸಾಹುಕಾರರ ಕಾರು ಮೂತಿ ಜಜ್ಜಿಕೊಂಡು ನಿಂತಿತ್ತು. ಎಂಟು ದಿನದ ಹಿಂದೆ, ಬೆಳಗಿನ ಹತ್ತು ಗಂಟೆಗೆ, ನೀರಮಾನ್ವಿ ಹತ್ತಿರ ಅದು ಗದ್ದೆಪ್ಪನೆಂಬ ಕೂಲಿಯವನನ್ನು ಕೊಂದು ನಿಲ್ಲದೆ ಹೋಗಿತ್ತು. ಒಂದು ತಾಸಿನ ಮೇಲೆ ಯಲ್ಲಾಲಿಂಗ ಅದನ್ನು ಠಾಣೆಗೆ ತಂದು, ಹೊಡೆದವನು ನಾನೇ ಎಂದಿದ್ದ.

"ಗಾಡಿ ತಾನ ನಿಂದರ್ತದ ಅಂತ ನಂಬಿದ್ದೆ ಅಣ್ಣಾ."

"ಸುಳ್ಳ ಬೊಗಳಬ್ಯಾಡ! ಐದು ವರ್ಷ ಇದನ್ನ ಹೊಡದೀದಿ. ಇದು ಹಳೇ ಮಾಡಲ್, ಮುಂದಿನ ಗಾಡಿ ಕಂಡ್ರ ಅಷ್ಟ ಬ್ರೇಕ್ ಹಾಕ್ತದ, ಮನಶ್ಯಾ ಇದಕ್ಕ ಕಾಣಂಗಿಲ್ಲ ಅಂತ ನನಗ ಹೇಳಿದಾಂವ ನೀನ!"

"ನಾಳಿ ಕೋರ್ಟಿನ್ಯಾಗ ತಪ್ಪು ನಂದ ಅಂತೀನಿ, ಜೈಲಿಗಿ ಹೋಗ್ತೀನಿ. ನಿನಗೇನಾಗಬೇಕು?"

ತಾಯಣ್ಣ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದ.

"ಸಾಕು ಮಾಡ್ರಿ ಇಬ್ಬರೂ," ಎಂದರು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಸಂಘಮಿತ್ರಾ. ಅವರು ಆರ್.ಟಿ.ಓ. ಕಚೇರಿಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಊರಲ್ಲಿ ಅರ್ಧ ಮಂದಿಯ ಲೈಸೆನ್ಸಿಗೆ ಅವರದೇ ಸಹಿ. ಈಗ ಕಗ್ಗಂಟಾದ ಪ್ರಕರಣಗಳನ್ನು ಜನ ಅವರ ಮುಂದೆ ತಂದಿಡುತ್ತಿದ್ದರು, ಅವರು ತಾಯಣ್ಣನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದರು. ಈ ಸಲ ಬಂದವಳು ಸತ್ತವನ ಹೆಂಡತಿ ಯಮನಮ್ಮ. ಗಂಡನನ್ನು ಕೊಂದವನು ಯಾರೆಂಬುದು ಅವಳಿಗೆ ಬೇಕಿತ್ತು. ಅವಳ ಮನಸ್ಸು ಯಲ್ಲಾಲಿಂಗನ ಮಾತನ್ನು ಒಪ್ಪಿರಲಿಲ್ಲ.

"ಇನ್ನೊಮ್ಮೆ ಹೇಳವ್ವಾ, ಏನು ಕಂಡಿ?" ಎಂದರು ಸಂಘಮಿತ್ರಾ, ಬಾಗಿಲ ಬಳಿ ನಿಂತಿದ್ದ ಯಮನಮ್ಮನಿಗೆ.

"ಬದುವಿನ ಮ್ಯಾಗ ನಿಂತಿದ್ದೆರೀ. ಆತ ರೋಡ್ ದಾಟಾಕತ್ತಿದ್ದ. ಕಾರ್ ಬಂತು. ಮಳಿ ಇಲ್ಲ ಏನಿಲ್ಲ, ಗಾಜು ಒರಸೋ ಕಡ್ಡಿ ಆಡಾಕತ್ತಿತ್ತು. ಹಾರ್ನ್ ಸೈತ ಹೊಡಿಲಿಲ್ಲ. ಬಿಸಿಲು ಗಾಜಿಗಿ ಹೊಡದು ಒಳಗ ಯಾರಿದ್ರೋ ಕಾಣಲಿಲ್ಲ."

"ಒರಸಿದ್ದು ಹೊಡದ ಮ್ಯಾಲೋ, ಮೊದಲೋ?"

"ಮೊದಲರೀ ಯವ್ವಾ. ಒರಸಿತು, ಆಮ್ಯಾಲ ಹೊಡೀತು."

ತಾಯಣ್ಣ ಯಲ್ಲಾಲಿಂಗನತ್ತ ತಿರುಗಿದ. ರಸ್ತೆಯಲ್ಲಿ ಕೋಳಿ ಕಂಡರೂ ಹಾರ್ನ್ ಹೊಡೆಯುವವನು ಇವನು. ಮಾನ್ವಿ ಸ್ಟ್ಯಾಂಡಿನಲ್ಲಿ ಇವನ ಹೆಸರೇ ಪೋಂ ಪೋಂ ಯಲ್ಲ. ಯಲ್ಲಾಲಿಂಗ ಮುಖ ಬೇರೆ ಕಡೆ ಮಾಡಿದ.

ಸಂಘಮಿತ್ರಾ ಪೊಲೀಸರ ಪಂಚನಾಮೆ ಓದಿದರು. ಗದ್ದೆಪ್ಪ ಬಿದ್ದ ಜಾಗಕ್ಕಿಂತ ಮೊದಲು ಎಲ್ಲೂ ಬ್ರೇಕ್ ಹಾಕಿದ ಟೈರಿನ ಗುರುತಿಲ್ಲ ಎಂದಿತ್ತು. ಓದಿ ಮಡಚಿ, ಆಚೆ ನಿಂತಿದ್ದ ಬಿಳಿ ಕಾರಿನತ್ತ ಬೆರಳು ಮಾಡಿದರು.

"ಸಾಹುಕಾರರ ಅಳಿಯ ಸಮೀಉಲ್ಲಾನ ಗಾಡಿರೀ ಅಕ್ಕಾರ," ಎಂದ ತಾಯಣ್ಣ. "ಹತ್ತು ದಿನದಿಂದ ಇಲ್ಲೇ ಅದ, ಪಾರ್ಟು ಬಂದಿಲ್ಲ. ಹೊಸಾ ಮಾಡಲ್. ಮನಶ್ಯಾ ಬಂದ್ರೂ ನಿಂದರ್ತದ, ಕುರಿ ಬಂದ್ರೂ ನಿಂದರ್ತದ."

ಅವರು ಹೊಸ ಕಾರಿನಲ್ಲಿ ಕೂತು ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ಕೆಳಗೆ ಒತ್ತಿದರು. ಇಳಿದು ಹಳೆಯದರಲ್ಲಿ ಕೂತರು, ಅಲ್ಲೂ ಅದೇ ಕಡ್ಡಿ ಒತ್ತಿದರು. ಹಳೆಯದರ ಗಾಜಿನ ಮೇಲೆ ಒರೆಸುವ ಕಡ್ಡಿ ಆಡಿತು.

"ಮಾನ್ವಿಗಿ ಹೋಗೋಣ ನಡೀರಿ. ಎಲ್ಲಾರೂ."

ಸಾಹುಕಾರರ ಪಡಸಾಲೆಯಲ್ಲಿ ಶಂಶುದ್ದೀನ್, ಮಗಳು ಗುಲ್ನಾಜ್, ಅಳಿಯ ಸಮೀಉಲ್ಲಾ ಕೂತಿದ್ದರು. ಯಮನಮ್ಮ ಹೊಸ್ತಿಲ ಹೊರಗೇ ನಿಂತಳು. ಗುಲ್ನಾಜ್ ಎದ್ದು ಹೋಗಿ ಕೈಹಿಡಿದು ಒಳಗೆ ಕರೆತಂದಳು.

"ಸಮೀಉಲ್ಲಾ ಅವರ, ನಿಮ್ಮ ಹೊಸ ಗಾಡಿ ತಾನ ಬ್ರೇಕ್ ಹಾಕ್ತದಂತಲ್ಲ. ಅದನ್ನ ಹೆಂಗ ಚಾಲೂ ಮಾಡ್ತೀರಿ?"

"ಸಸಾರ ಅದರೀ," ಎಂದು ಅವನು ಗಾಳಿಯಲ್ಲೇ ಕೈ ಚಾಚಿ ಇಲ್ಲದ ಕಡ್ಡಿಯನ್ನು ಕೆಳಗೆ ಒತ್ತಿದ. ಒತ್ತಿದ ಕೈ ಅಲ್ಲೇ ನಿಂತಿತು. ಯಮನಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

ಸಂಘಮಿತ್ರಾ ದನಿ ಏರಿಸಲಿಲ್ಲ. "ಹಳೇ ಗಾಡಿಯೊಳಗ ಅದಕ್ಕ ಸ್ಟೇರಿಂಗ್ ಮ್ಯಾಲ ಬಟನ್ ಅದ. ಕಡ್ಡಿ ಒತ್ತಿದ್ರ ಗಾಜು ಒರಸ್ತದ. ಐದು ವರ್ಷ ಹೊಡದ ಯಲ್ಲಾಲಿಂಗಗ ಇದು ಗೊತ್ತು, ಸಾಹುಕಾರರಿಗೂ ಗೊತ್ತು. ಸಾಹುಕಾರರಂತೂ ಆ ಹೊತ್ತಿಗೆ ಅಂಗಡ್ಯಾಗ ಇದ್ರು, ನಾಕು ಮಂದಿ ನೋಡ್ಯಾರ. ಒಣ ಬಿಸಿಲಾಗ, ಮನಶ್ಯಾನ್ನ ಕಂಡು, ಬ್ರೇಕ್ ಬಿಟ್ಟು ಕಡ್ಡಿ ಒತ್ತಾಂವ ಹೊಸ ಗಾಡಿ ರೂಢಿ ಇದ್ದಾಂವ. ನಿಮ್ಮ ಗಾಡಿ ಗ್ಯಾರೇಜಿನ್ಯಾಗಿತ್ತು. ಮಾವನ ಗಾಡಿ ತಗೊಂಡ್ರಿ. ಗದ್ದೆಪ್ಪ ಕಂಡ, ಕಡ್ಡಿ ಒತ್ತಿದ್ರಿ, ಇನ್ನ ಗಾಡಿ ನೋಡಿಕೊಳ್ತದ ಅಂತ ಕೂತ್ರಿ. ಅದು ಗಾಜು ಒರಸಿತು. ಇದ್ಯಾಕ ಒರಸ್ತದ ಅಂತ ನೋಡೂದರಾಗ ಆಗಿಹೋತು. ಅದಕ್ಕ ಟೈರಿನ ಗುರುತಿಲ್ಲ, ಹಾರ್ನಿಲ್ಲ."

ಯಮನಮ್ಮ ಸಮೀಉಲ್ಲಾನ ಎದುರಿಗೆ ಬಂದು ನಿಂತಳು.

"ಯಪ್ಪಾ, ನನ್ನ ಗಂಡ ನಿನ್ನ ಕಣ್ಣಿಗಿ ಕಂಡಿದ್ನಿಲ್ಲೋ?"

ಅವನು ಕೈ ಕೆಳಗಿಳಿಸಿದ. "ಕಂಡಿದ್ದ ಅವ್ವಾ. ದೂರದಿಂದ್ಲೇ ಕಂಡಿದ್ದ."

"ಹಾರ್ನ್ ಹೊಡದಿದ್ರ ಸರೀತಿದ್ದ," ಎಂದಳು ಅವಳು.

ಗುಲ್ನಾಜ್ ತಂದೆಯತ್ತ ತಿರುಗಿದಳು. "ಅಬ್ಬಾ, ನಿಮಗ ಗೊತ್ತಿತ್ತು?"

ಶಂಶುದ್ದೀನ್ ಗಡ್ಡ ಹಿಡಿದುಕೊಂಡು ನೆಲ ನೋಡಿದರು. ಉತ್ತರ ಕೊಟ್ಟವನು ಯಲ್ಲಾಲಿಂಗ.

"ಸಾಹುಕಾರರೇ ಕೇಳಿದ್ರು ತಂಗೀ. ನೀನು ನನ್ನ ಮಗ ಇದ್ದಂಗ, ಮನಿ ಮಾನ ಉಳಸು ಅಂದ್ರು. ಹುಟ್ಟಿದಾಗಿಂದ ನನಗ ಯಾರೂ ಮಗಾ ಅಂದಿದ್ದಿಲ್ಲ. ಹೂಂ ಅಂದೆ."

ಮುಂಜಾನೆಯಿಂದ ತಾಯಣ್ಣ ಇವನನ್ನೇ ಬೈದಿದ್ದ. "ಯಲ್ಲಾ..." ಎಂದು ಅವನ ಹೆಗಲ ಮೇಲೆ ಕೈ ಇಟ್ಟ.

ಯಲ್ಲಾಲಿಂಗ ಜೇಬಿನಿಂದ ಕಾರಿನ ಇನ್ನೊಂದು ಕೀಲಿಕೈ ತೆಗೆದು ಸಾಹುಕಾರರ ಪಕ್ಕ, ದಿವಾನದ ಮೇಲೆ ಇಟ್ಟ.

"ಹೊಟ್ಟಿಲೆ ಹುಟ್ಟಿದ ಮಗನ್ನ ಹಿಂಗ ಜೈಲಿಗಿ ಕಳಸ್ತಿದ್ರೇನ್ರೀ?"

ಶಂಶುದ್ದೀನ್ ತಲೆ ಎತ್ತುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಸಾಹುಕಾರರು ಎದ್ದು ಅಂಗಳದವರೆಗೆ ಹೋಗಿ "ಬೇಟಾ!" ಎಂದು ಎರಡು ಸಲ ಕೂಗಿದರು. ಅವನು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಲೇ ಇದ್ದ.

ರಿಪೇರಿಯಾದ ಹಳೆಯ ಕಾರನ್ನು ಒಯ್ಯಲು ಸಾಹುಕಾರರ ಮನೆಯಿಂದ ಯಾರೂ ಬರಲಿಲ್ಲ. ಅದು ಇನ್ನೂ ತಾಯಣ್ಣನ ಗ್ಯಾರೇಜಿನಲ್ಲೇ ಇದೆ. ಯಲ್ಲಾಲಿಂಗ ಆ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.