ಪೋಸ್ಟರಿನಲ್ಲಿ ಇಲ್ಲದ ಹೆಸರು

"ನನ್ನ ಹೆಸರು ಎಲ್ಲಿ, ತಿಪ್ಪೇಶ್?"

ಹೊಸಪೇಟೆಯ ಆ ಖಾಸಗಿ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಲೆಕ್ಚರರ್ ಪಂಪಾವತಿ ನಾಳಿನ ಸೆಮಿನಾರಿನ ಪೋಸ್ಟರಿನ ಮುಂದೆ ನಿಂತಿದ್ದಳು. ಅವಳ ಎರಡು ವರ್ಷದ ಪ್ರಯೋಗದ ಕೆಳಗೆ ಆಡಳಿತ ಮಂಡಳಿ ಕಾರ್ಯದರ್ಶಿಯ ಅಳಿಯನ ಹೆಸರು! ಅದಿರಿನ ದುಡ್ಡಲ್ಲಿ ಕಾಲೇಜಿಗೆ ಹೊಸ ಕಟ್ಟಡ ಎಬ್ಬಿಸಿದವರಿಗೆ 2007ರಲ್ಲಿ ಎದುರಾಡುವವರು ಯಾರು?

"ನಾ ಹಾಕಿದ್ದೆ ಮೇಡಂ. ಪ್ರಿನ್ಸಿಪಾಲ್ರು ತೆಗಿ ಅಂದ್ರು."

"ನೀವು ತೆಗೆದ್ರಿ!"

ಲ್ಯಾಬಿನ ಟೆಂಪರರಿ ಸಹಾಯಕ ತಿಪ್ಪೇಶ್ ಕಣ್ಣು ತಗ್ಗಿಸಿದ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳನ್ನು ದಿನಾ ಮೈಕ್ರೋಸ್ಕೋಪಿನ ಲೆನ್ಸಿನ ಮೇಲಿಂದ ಉಸಿರು ಬಿಗಿಹಿಡಿದು ಒರೆಸುತ್ತಿದ್ದವನು ಇವನೇ. ಅವನ ಆ ಕಣ್ಣು ತನಗಿಷ್ಟ ಎಂಬುದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಮರುದಿನ ಸೆಮಿನಾರ್. ಧಾರವಾಡದಿಂದ ಬಂದ ಪ್ರೊಫೆಸರ್ ಮೈಕ್ರೋಸ್ಕೋಪಿನಲ್ಲಿ ಇಣುಕಿ, "ಈ ಕಪ್ಪು ಎಳೆಗಳು ಯಾಕೆ ಬಂದವು?" ಎಂದರು. ಪಕ್ಕದಲ್ಲಿ ನಿಂತಿದ್ದ ಅಳಿಯ ಪೋಸ್ಟರಿನಲ್ಲಿ ಉತ್ತರ ಹುಡುಕತೊಡಗಿದ.

"ಅವರಿಗೆ ಗೊತ್ತಿಲ್ರಿ ಸರ್." ಹಿಂದಿನಿಂದ ತಿಪ್ಪೇಶನ ದನಿ. "ಮಾಡಿದವ್ರು ಪಂಪಾವತಿ ಮೇಡಂ. ಹೆಸರು ಅಳಿಸಿದವ ನಾನು."

ಪಂಪಾವತಿ ಎದ್ದಳು. ಮಾರ್ಕರ್ ತಗೊಂಡು ಪೋಸ್ಟರಿನ ಮೇಲೆ ತನ್ನ ಹೆಸರನ್ನು ದಪ್ಪಗೆ ಬರೆದಳು.

"ಗಾಜಿನ ನಡುವೆ ಇರೋದು ಲಿಕ್ವಿಡ್ ಕ್ರಿಸ್ಟಲ್, ದ್ರವದಂತೆ ಹರಿಯೋ ಹರಳು, ಸರ್. ಕಾಸಿ ಆರಿಸಿದಾಗ ಒಂದೊಂದು ಭಾಗ ಒಂದೊಂದು ದಿಕ್ಕು ಹಿಡೀತದೆ. ಹೊಂದಾಣಿಕೆ ಆಗದ ಕಡೆ ಈ ಎಳೆ ಉಳೀತಾವೆ. ಬೆಳಕು ಸೋಸೋ ಪೋಲರೈಸರ್ ಇಟ್ಟರೆ ಕಾಣ್ತಾವೆ. ವಿಶ್ವ ಹುಟ್ಟಿ ತಣ್ಣಗಾಗುವಾಗಲೂ ಇಂಥ ಎಳೆ ಉಳಿದಿರಬಹುದು ಅಂತಾರೆ. ಆ ಕಾಲ ನೋಡೋಕಾಗಲ್ಲ, ಅದರ ಹೋಲಿಕೆ ಇಲ್ಲಿ ನೋಡಬಹುದು."

ಪ್ರೊಫೆಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ತಿಪ್ಪೇಶನ ಕೆಲಸ ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ತನ್ನೂರು ಕಂಪ್ಲಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತಿದ್ದವನ ಮುಂದೆ ಪಂಪಾವತಿ ಏದುಸಿರು ಬಿಡುತ್ತ ಬಸ್ ಹತ್ತಿ ಬಂದು ನಿಂತಳು.

"ಹೇಳದ ಕೇಳದ ಹೊಂಟೀರಲ್ಲ?"

"ಕೆಲಸ ಹೋತಲ್ರಿ ಮೇಡಂ."

"ಕೆಲಸದ ಜೊತಿ ನಾನೂ ಹೋದ್ನೇನು? ಎರಡು ವರ್ಷ ಒಂದೇ ಕತ್ತಲ ಕೋಣ್ಯಾಗ ಇದ್ವಿ. ಒಂದು ಮಾತಾಡಾಕ ಯಾವ ಪ್ರಿನ್ಸಿಪಾಲ್ರ ಅಪ್ಪಣೆ ಬೇಕಿತ್ತು ನಿಮಗ?"

ಅವನ ಕಿವಿಗಳು ಕೆಂಪಾದವು. ಈ ಸಲ ಕಣ್ಣು ತಗ್ಗಲಿಲ್ಲ.

"ಭಾಳ ಅಂಜಿಕಿ ಇತ್ತು. ನೀವಂದ್ರ ನಂಗ ಜೀವ, ಪಂಪಾ."

ಮೊದಲ ಸಲ 'ಮೇಡಂ' ಬಿದ್ದುಹೋಗಿತ್ತು. ಅವಳು ಮುಖ ಗಂಟಿಕ್ಕಿಕೊಂಡೇ, "ಸರೀರಿ ಆ ಕಡೆ," ಎಂದು ಪಕ್ಕದಲ್ಲಿ ಕೂತಳು.

"ಕಂಪ್ಲಿ, ಇಬ್ರು," ಎಂದಳು ಕಂಡಕ್ಟರನಿಗೆ.

"ಮನ್ಯಾಗ ಅವ್ವ ಅದಾಳ!" ತಿಪ್ಪೇಶ್ ಗಾಬರಿಯಾದ.

"ಇರ್ಲಿ. ತನ್ನ ಮಗ ಎಂಥ ಪುಕ್ಕಲ ಅಂತ ಆಕಿಗೂ ಹೇಳ್ಬೇಕು."