ಎದುರಂಗಡಿಯ ಕಟ್ಟೆ

ಬಿಳಿ ಅಂಗಿಗೆ ಕರಿ ದಾರದಲ್ಲಿ ಗುಂಡಿ ಹಚ್ಚಿದ ಆ ಪುಣ್ಯಾತ್ಗಿತ್ತಿ ಯಾರು? ಬೆಳಗಿನಿಂದ ಸುಕನ್ಯಾಳಿಗೆ ಇದೊಂದೇ ಚಿಂತೆ.

ಅಂಗಿ ಸಿದ್ದರಾಮೇಶನದು. ಲಿಂಗಸುಗೂರಿನ ಹುಡುಗ, ಪುರಸಭೆಯ ಇಂಜಿನಿಯರ್. ಮಸ್ಕಿಯ ಹಳೇ ಬಜಾರನ್ನು ಚಂದ ಮಾಡುವ ಕೆಲಸ ಅವನ ಹೆಗಲಿಗೆ ಬಿದ್ದಿತ್ತು. ಅಂಗಡಿಗಳ ಮುಂದೆ ಇಳಿಬಿಟ್ಟ ತಗಡು ತೆಗೆಸಬೇಕು, ಅದರ ಹಿಂದೆ ಮುಚ್ಚಿಹೋದ ಕಲ್ಲಿನ ಕಮಾನುಗಳನ್ನು ತೊಳೆಸಬೇಕು, ಸಾಲಾಗಿ ದೀಪದ ಕಂಬ ನಿಲ್ಲಿಸಬೇಕು. ಎಲ್ಲರೂ ತಗಡು ತೆಗೆದರು. ಕುಬಸ ಹೊಲಿಯುವ ಸುಕನ್ಯಾ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಬಿಸಿಲು ಬೀಳ್ತೈತ್ರಿ. ಬಟ್ಟಿ ಬಣ್ಣ ಹೋಗ್ತೈತಿ."

ಬಿಸಿಲೂ ಇಲ್ಲ, ಬಣ್ಣವೂ ಇಲ್ಲ. ತಗಡು ಇರುವತನಕ ಅವನು ದಿನಾ ಬರುತ್ತಿದ್ದ. ತಲೆಗೆ ತಾಗದಂತೆ ಬಗ್ಗಿ, "ಸುಕನ್ಯಾ ಅವರ, ಇವತ್ತರೆ ಮನಸು ಮಾಡ್ರಿ" ಎನ್ನುತ್ತಿದ್ದ. ಹಾಗೆನ್ನುವಾಗ ಅವನ ತುಟಿಯ ಒಂದು ಬದಿ ಮಾತ್ರ ನಗುತ್ತಿತ್ತು. ತಗಡು ಹೋದರೆ ಅವನಿಗೆ ಈ ಮೆಟ್ಟಿಲು ಹತ್ತಲು ನೆಪವೇ ಇರುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಎದುರಿನ ಬಳೆ ಅಂಗಡಿಯ ಪದ್ಮಾವತಿ ಮೊದಲ ದಿನವೇ ತಗಡು ಕೀಳಿಸಿ ಒಳ್ಳೆಯವಳಾಗಿಬಿಟ್ಟಳು. ಸಾಹೇಬರು ಇಲ್ಲಿ ಎರಡು ಮಾತಾಡುವುದು, ಅಲ್ಲಿ ಅವಳ ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ಚಹಾ ಕುಡಿಯುವುದು! ಸುಕನ್ಯಾ ಮಿಷಿನ್ನಿನಿಂದ ತಲೆ ಎತ್ತಿದರೆ ಸಾಕು, ಅವನು ತಟ್ಟನೆ ಪದ್ಮಾವತಿಯ ಕಡೆ ತಿರುಗುತ್ತಿದ್ದ. ಕಳ್ಳ!

ಕುಬಸಕ್ಕೆ ಕಾದು ಕೂತ ರಾಜಾಬೀ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಜೋಡಿ ಚಂದ ಐತಿ ನೋಡವಾ. ಅಕಿ ಮಾಡಿ ಕೊಡಾಕತ್ತಾಳ, ಇಂವಾ ಕುಡ್ಯಾಕತ್ತಾನ."

ಸುಕನ್ಯಾ ಆ ಕುಬಸದ ಎರಡು ತೋಳನ್ನೂ ಒಂದೇ ಕಡೆ ಹೊಲಿದಿಟ್ಟಳು.

ಅದರ ಮೇಲೆ ಇವತ್ತು ಈ ಗುಂಡಿ. ಹಚ್ಚಿದವಳು ಇನ್ಯಾರು, ಅವಳೇ! ಕಣ್ಣೆದುರು ಟೇಲರ್ ಇರುವಾಗ ಬಳೆ ಮಾರುವವಳ ಕೈಯಿಂದ ಗುಂಡಿ ಹಚ್ಚಿಸಿಕೊಂಡನಲ್ಲ! ಇದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ?

ಸಂಜೆಗೆ ಅವಳು ಬೀದಿಗಿಳಿದು ಕೂಲಿಯವರನ್ನು ಕೂಗಿದಳು. "ಬರ್ರಿ, ಈ ತಗಡು ಕಿತ್ತು ಒಯ್ರಿ! ಯಾರೂ ಇನ್ನ ನನ್ನ ಬಾಗಿಲಿಗೆ ಬರೂದು ಬ್ಯಾಡ."

ತಗಡು ದಡಾರನೆ ಬಿತ್ತು. ಧೂಳು ಕರಗಿದಾಗ ಹೂಬಳ್ಳಿ ಕೆತ್ತಿದ ಕಮಾನು ಕಾಣಿಸಿತು. ಸಿದ್ದರಾಮೇಶ ಓಡಿ ಬಂದ. ಅವನ ಮುಖ ಮಾತ್ರ ಸಪ್ಪಗಿತ್ತು.

"ಖುಷಿ ಆಗ್ಲಿಲ್ಲೇನ್ರಿ?"

"ಇಲ್ರಿ."

"ಯಾಕ?"

"ನೋಟಿಸ್ ಕೊಟ್ಟಿದ್ರ ಯಾವಾಗೋ ತೆಗಿಸ್ಬಹುದಿತ್ತು. ಕೊಡ್ಲಿಲ್ಲ, ದಿನಾ ಬಂದು ಬಾಯ್ಲೆ ಕೇಳ್ದೆ. ಇನ್ನ ಏನಂತ ಬರ್ಲಿ?"

ಆದರೂ ಸುಕನ್ಯಾ ಸೋಲಲಿಲ್ಲ. "ಗುಂಡಿ ಹಚ್ಚಿ ಕೊಟ್ಟಾಕಿ ಮುಂದ ಹೇಳ್ರಿ ಇದನ್ನ."

ಅವನು ಬಗ್ಗಿ ತನ್ನ ಅಂಗಿಯನ್ನೇ ನೋಡಿಕೊಂಡ. "ಇದಾ? ನಾನ ಹಚ್ಕೊಂಡಿದ್ದು. ನಿನ್ನೆ ಬೇಕಂತಲೇ ಗುಂಡಿ ಹರಕೊಂಡು ನಿಮ್ಮ ಕಡೆ ಬಂದಿದ್ದೆ. ಬಾಯಿ ತೆಗಿಯೂದ್ರಾಗ ನೀವು 'ಮತ್ತ ತಗಡಿನ ಮಾತೇನ್ರಿ' ಅಂತ ಕತ್ರಿ ಹಿಡಕೊಂಡು ಎದ್ರಿ. ಹೆದರಿ ಹೋದೆ."

ನಗು ಬಂತು. ಅವಳು ತುಟಿ ಕಚ್ಚಿ ಹಿಡಿದಳು. "ಮತ್ತ ದಿನಾ ಆ ಕಟ್ಟಿ ಮ್ಯಾಲ?"

"ನಿಮ್ಮ ತಗಡು ಎಷ್ಟು ಕೆಳಗಿತ್ತು! ಬೀದ್ಯಾಗ ನಿಂತ್ರ ನಿಮ್ಮ ಮಿಷಿನ್ ಕಾಲಷ್ಟ ಕಾಣ್ತಿತ್ತು. ಆ ಕಟ್ಟಿ ಮ್ಯಾಲ ಕೂತ್ರ ಮಾತ್ರ ನಿಮ್ಮ ಮಾರಿ ಕಾಣ್ತಿತ್ರಿ."

"ನಾ ನೋಡಿದ್ರ ಆಕಡೆ ತಿರುಗ್ತಿದ್ರಲ್ಲ?"

"ಸಿಕ್ಕಿ ಬೀಳ್ತೀನಂತ ಹೆದ್ರಿಕಿ."

ಅಷ್ಟರಲ್ಲಿ ಹೊಸ ದೀಪಗಳನ್ನು ಹಚ್ಚಿ ನೋಡಿದರು. ಬಜಾರಿನ ಉದ್ದಕ್ಕೂ ಹಳದಿ ಬೆಳಕು ಹರಡಿತು. ಇಷ್ಟು ದಿನ ತಗಡಿನ ನೆರಳಲ್ಲಿ ಅಡಗುತ್ತಿದ್ದ ಸುಕನ್ಯಾಳ ನಾಚಿಕೆ ಈಗ ಅವನ ಎದುರಿಗೇ ಕೆಂಪಾಯಿತು. ಅವನು ಈ ಸಲ ತಿರುಗಲಿಲ್ಲ, ನೋಡುತ್ತಲೇ ನಿಂತ.

"ಸಾಹೇಬ್ರ, ಚಾ ಆರಾಕತ್ತೈತಿ!" ಎದುರಿನಿಂದ ಪದ್ಮಾವತಿಯ ದನಿ.

ಎಲ್ಲ ತಿಳಿದ ಮೇಲೂ ಸುಕನ್ಯಾಳಿಗೆ ಆ ದನಿ ಸಹಿಸಲಾಗಲಿಲ್ಲ. ಒಳಗಿನಿಂದ ಗಿರಾಕಿಗಳ ಸ್ಟೂಲು ಎಳೆದು ತಂದು ಅವನ ಮುಂದೆ ಕುಕ್ಕಿದಳು. ಆಮೇಲೆ ಬಜಾರಿಗೆಲ್ಲ ಕೇಳುವಂತೆ ಕೂಗಿದಳು:

"ಪದ್ಮಕ್ಕಾ, ಆ ಚಾ ನೀನ ಕುಡಿ! ಇವರು ಇನ್ಮ್ಯಾಲ ನನ್ನ ಕಡೇನ ಕುಡೀತಾರ, ದಿನಾ!"

ಅರ್ಧ ಬಜಾರು ತಿರುಗಿ ನೋಡಿತು. ಸಿದ್ದರಾಮೇಶ ಸ್ಟೂಲಿನ ಮೇಲೆ ಕೂತುಬಿಟ್ಟ.