ತೀರ್ಥಪ್ರಸಾದರ ಕೈವಿಷ

"ಪಕ್ಕಕ್ಕೆ ಸರಿ, ಧರ್ಮೇಂದ್ರ! ಇಲ್ಲಾಂದ್ರೆ ಮೊದಲ್ನೇ ಗುಂಡು ನಿಂಗೇ!"

ಜೋಡುನಳಿಗೆಯ ಕೋವಿ ನನ್ನ ಎದೆಗೆ ಗುರಿಯಿಟ್ಟಿತ್ತು. ಬೆನ್ನ ಹಿಂದೆ ಅಡುಗೆಯ ಚಿಕ್ಕಿ ಅವಿತಿದ್ದಳು. ಬಂಗಲೆಯಿಂದ ಕಾಫಿ ಒಣಗಿಸುವ ಕಣದವರೆಗೆ ಓಡಿದ್ದಳು... ಗೋಡೆ ಅಡ್ಡ ಬಂದಿತ್ತು. ಎಸ್ಟೇಟಿನ ಯಜಮಾನ ತೀರ್ಥಪ್ರಸಾದ್ ಜೀಪಿನಲ್ಲಿ ಅಟ್ಟಿಸಿಕೊಂಡು ಬಂದಿದ್ದರು. ಇಳಿದು ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು!

ಅಮ್ಮತ್ತಿ ಊರಿನ ಸುತ್ತ ಇವರಂಥ ಗುರಿಗಾರ ಇನ್ನೊಬ್ಬರಿರಲಿಲ್ಲ. ಈ ಸಲ ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಮೂರು ಗುಂಡು ಹೊಡೆದರು... ಮೂರೂ ತಪ್ಪಿದವು. ಊದಿದ ಬೆರಳು, ಊದಿದ ಮಂಡಿ, ಏರಿದ ಶುಗರ್. ಯಾರೋ ಊಟದಲ್ಲಿ ಕೈವಿಷ ಹಾಕಿದ್ದಾರೆ ಎಂದ ಜ್ಯೋತಿಷಿ. ಹಾಕಿದವರನ್ನು ಹಿಡಿಯಲು ನನ್ನನ್ನು ಕರೆಸಿದರು. ನಾನು ಪತ್ತೇದಾರ; ಹಿಡಿಯುವುದೇ ನನ್ನ ಕಸುಬು.

"ಇವಳೇ ತಾನೇ? ಹೇಳು!"

"ಅಲ್ಲ."

"ಹನ್ನೊಂದು ವರ್ಷ ಇವಳ ಕೈಯಡುಗೆ ತಿಂದಿದ್ದೀನಿ!"

"ಜಾಸ್ತೀನೇ ತಿಂದಿದ್ದೀರಿ ಸಾರ್. ಲ್ಯಾಬ್ ರಿಪೋರ್ಟ್ ಬಂತು. ಹಂದಿಮಾಂಸದ ಪಂದಿಕರಿಯಲ್ಲಿ ವಿಷ ಇಲ್ಲ. ನಿಮ್ಮ ಮೈಯಲ್ಲಿರೋದು ಉರಿಯೂತ!"

"ಏನದು?"

"ಹೊಟ್ಟೆಯೊಳಗಿನ ಬೊಜ್ಜು ಸುಮ್ನೆ ಕೂತಿಲ್ವಂತೆ. ಏನೇನೋ ಕೆಮಿಕಲ್ ರಕ್ತಕ್ಕೆ ಬಿಡ್ತದೆ ಅಂದ್ರು ನಿಮ್ಮ ರಕ್ತ ನೋಡಿದ ಡಾಕ್ಟ್ರು. ಉಮಿಯೊಳಗಿನ ಬೆಂಕಿ ತರ... ಕಾಣೋದಿಲ್ಲ, ಆರೋದೂ ಇಲ್ಲ. ಶುಗರ್ ಏರಿಸ್ತದೆ, ಲಿವರ್ ಕೆಡಿಸ್ತದೆ, ಗಂಟು ಊದಿಸ್ತದೆ. ಮುಂದಿನ ಸರದಿ ಹಾರ್ಟಿಂದು!"

"ನಂಗೆ ಡೊಳ್ಳುಹೊಟ್ಟೆ ಅಂತೀಯಾ? ನನ್ನ ಜಾಗದಲ್ಲಿ ನಿಂತು!"

ಕೋವಿ ನನ್ನ ಎದೆಯಿಂದ ಹಣೆಗೆ ಏರಿತು. ಈ ಮನುಷ್ಯ ಹೊಡೆದೇಬಿಡುತ್ತಾನೆ ಅನ್ನಿಸಿತು. ನಿಜ ಹೇಳುತ್ತೇನೆ, ಹೆದರಿದೆ!

ಬೆರಳು ಟ್ರಿಗರಿನ ಸುತ್ತಲ ಬಳೆಯೊಳಗೆ ನುಗ್ಗಲು ನೋಡಿತು.

ನುಗ್ಗಲಿಲ್ಲ!

ಊದಿದ ಗೆಣ್ಣು ಬಳೆಯ ಅಂಚಿಗೇ ತಡೆದು ನಿಂತಿತ್ತು. ಅಷ್ಟು ಸಾಕಾಯಿತು. ನಳಿಗೆಯನ್ನು ಮೇಲಕ್ಕೆತ್ತಿ ತಿರುವಿ ಕೋವಿ ಕಿತ್ತುಕೊಂಡೆ. ತೋಟಾಗಳನ್ನು ಉದುರಿಸಿದೆ.

"ನಿಮ್ಮ ಅಪರಾಧಿ ಸಿಕ್ಕಿದ ಸಾರ್. ಬೆಲ್ಟ್ ಹಿಂದೆ ಅಡಗಿದ್ದಾನೆ."

ಆಗ ಚಿಕ್ಕಿ ಮುಂದೆ ಬಂದಳು. ಕಣ್ಣಲ್ಲಿ ಕೆಂಡ.

"ಹನ್ನೊಂದು ವರ್ಷ ಬೇಯಿಸಿ ಹಾಕಿದ್ದಕ್ಕೆ ಕೋವಿ ತೋರಿಸಿದ್ರಲ್ಲ ಧಣಿ! ಇವತ್ತಿಂದ ನಿಮ್ಮ ಒಲೆ ಮುಟ್ಟಲ್ಲ. ನಿಮ್ಮ ಹಂದಿ ನೀವೇ ಬೇಯಿಸ್ಕೊಳ್ಳಿ!"

"ಚಿಕ್ಕೀ... ಮಧ್ಯಾಹ್ನಕ್ಕೆ?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿನತ್ತ ನಡೆದುಬಿಟ್ಟಳು. ತೀರ್ಥಪ್ರಸಾದ್ ಕಣದಲ್ಲೇ ಕುಸಿದು ಕುಳಿತರು.

ಡಾಕ್ಟರು ಬರೆದುಕೊಟ್ಟ ಮಾತ್ರೆಗಳಿಗಿಂತ ಚಿಕ್ಕಿಯ ರಾಜೀನಾಮೆಯೇ ಬೇಗ ಕೆಲಸ ಮಾಡೀತು ಅಂತ ನನ್ನ ಅಂದಾಜು!